ಮೂರನೇ ಡಬ್ಬಿ

ಜೋರಾಪುರ ಪೇಠದ ಗೊಳಸಂಗಿಯವರ ವಾಡೇದಾಗ
ಗ್ವಾಡಿ ಎರಡೂವರಿ ಫೂಟು ದಪ್ಪ.
ಕರಿಕಲ್ಲು, ಗಚ್ಚು, ಮ್ಯಾಲ ಮೂರು ತಲಿಮಾರಿನ ಸುಣ್ಣ.
ನನ್ನ ಡ್ರಿಲ್ಲಿನ ಬಿಟ್ಟು ಮೊದಲನೇ ಗೇಣಿಗೇ ಮುರೀತು.
"ತೋಪಿನ ಗುಂಡು ತಡೀಲಿ ಅಂತ ಕಟ್ಯಾರ,"
ಅಂದರು ಮುರಿಗೆಪ್ಪನವರು, ಹೆಮ್ಮೀಲೆ.
ತಡದೈತ್ರಿ, ಅಂದೆ. ಗುಂಡಲ್ಲ, ಯೂಟ್ಯೂಬು.

ಕಂಬದಿಂದ ಕೂದಲಿಗಿಂತ ಸಣ್ಣ ಗಾಜಿನ ಎಳಿ ತಂದು
ಜೋಡಿಸಿದ್ದೆ, ಉಸರ ಹಿಡದು.
ಮುನ್ನೂರು ಎಂಬಿಪಿಎಸ್ ಬಂದು ಪಡಸಾಲ್ಯಾಗ ನಿಂತಾವ
ಚಪ್ಪಲಿ ಬಿಟ್ಟ ಹೊಸಾ ಬೀಗರಂಗ,
ಒಳಗ ಬರ್ರಿ ಅನ್ನವರಿಲ್ಲದ.
ನಡುಮನಿಗೆ ಹೋಗೂದರಾಗ ನಲವತ್ತು,
ಅಡಗಿಮನಿ ಹೊಸ್ತಿಲಕ್ಕ ನಾಕು,
ಹಿತ್ತಲಕೋಣ್ಯಾಗ
ಆ ತಿರುಗೂ ಉಂಗುರ, ಅಷ್ಟ.

ಸಮರ್ಥ ಒಂಬತ್ತನೇತ್ತಾ, ಎಲ್ಲಾ ಓದಿಕೊಂಡಾನ.
"ಎಂಟು ಕೊಂಬಿಂದು ತರೂಣು ಮಾಮಾ, ಗೇಮಿಂಗಿಂದು."
ಮುರಿಗೆಪ್ಪನವರಿಗೂ ಕೊಂಬು ಪಸಂದ,
ಎತ್ತಿನ ವ್ಯಾಪಾರ ಕಂಡವರು.
ನಾ ತಿಳಿಸಿ ಹೇಳಿದೆ:
ಒಬ್ಬಾವ ಎಷ್ಟ ಚೀರಿದರೂ ಕಲ್ಲಿಗೆ ಕಿವಿ ಬರೂದಿಲ್ರಿ.
ಸಣ್ಣ ದನಿಯವರು ಮೂರು ಮಂದಿ ಬೇಕು,
ಬಾಗಿಲಕ್ಕೊಬ್ಬರು ನಿಂತು,
ಬಣವಿಗೆ ಉರಿ ಹತ್ತಿದಾಗ ಕೊಡಾ ದಾಟಸ್ತೀರಲ್ಲ, ಹಂಗ.
"ರೊಕ್ಕ?"
ಮೂರು ಡಬ್ಬಿಗೆ ಹನ್ನೊಂದು ಸಾವಿರ.
ಎರಡಕ್ಕಾದರ ಏಳೂವರಿ.
"ಎರಡ ಸಾಕು. ಹಿತ್ತಲದಾಗ ಯಾರದಾರ,
ನಮ್ಮ ತಂಗಿ ನೀಲಾಂಬಿಕಾ ಒಬ್ಬಾಕಿ.
ಆಕೀಗೇನ ಕೇಳಸ್ತೈತಿ."

ಆದರೂ ಹೋದೆ, ಅಳೀಲಿಕ್ಕೆ.
ಹೊಲಿಗಿ ಮಷೀನು, ಅರ್ಧಾ ಕತ್ತರಿಸಿದ ಕುಬಸ,
ತುಟಿ ನಡುವ ಟಾಚಣಿ.
ಎಣ್ಣಿಡಬ್ಬಿಗೆ ಆನಿಸಿದ ಫೋನಿನ್ಯಾಗ
ಜಮಖಂಡಿಯ ಫರ್ಜಾನಾ
ಎರಡೂ ಕೈ ಗಾಳ್ಯಾಗ ಎತ್ತಿ ನಿಂತಬಿಟ್ಟಾಳ.
ಒಂದು ಬೆರಳು ಮಡಚೈತಿ,
ಇನ್ನೊಂದು ಮಡಚಬೇಕಾಗಿತ್ತೋ ಏನೋ.
ನಮ್ಮ ಮಾತಾದರ ಹರಕೊಂಡು ಬರತೈತಿ,
ಹಲೋ ಹಲೋ ಅಂತ ತ್ಯಾಪಿ ಹಚ್ಚತೀವಿ.
ಇವರ ಮಾತು ನಿಂತರ
ಕಣ್ಣ ಮುಂದ ನಿಲ್ಲತೈತಿ, ಇಡೀ ಮನಿಶಾನ ಸಹಿತ,
ಅರ್ಥಾ ಆಗೂ ತುದಿಗೆ.
ನೀಲಾಂಬಿಕಾ ಕಾಯತಾಳ.
ಟಾಚಣಿ ತಗದು ಬಟ್ಟಿಗೆ ಚುಚ್ಚತಾಳ, ಮತ್ತ ನೋಡತಾಳ.
ನನ್ನ ಕಂಡಾಕಿ ಫೋನು ತೋರಿಸಿ
ಮುಷ್ಟಿ ಕಟ್ಟಿ ಗ್ವಾಡಿಗೊಂದು ಗುದ್ದಿದಳು.
ಅಷ್ಟು ನನಗೂ ತಿಳೀತು.

ಪಡಸಾಲಿಗೆ ಬಂದು, ಮೂರು ಬೇಕ್ರಿ ಅಂದೆ.
ಅವರು ಎರಡು ಅಂದರು.
ಬಾಗಿಲದಾಗ ನಿಂತು ನಮ್ಮ ತುಟಿ ಓದಾಕತ್ತಿದ್ದಳಾಕಿ.
ಮೂರೂವರಿ ಸಾವಿರ, ಖಣದ ಚೂರಿನ್ಯಾಗ ಸುತ್ತಿದ್ದು,
ಅಣ್ಣನ ತೊಡಿ ಮ್ಯಾಲ ಇಟ್ಟಳು.
ಎಣಿಸ್ಕೋ ಅಂತ ಸನ್ನಿ ಮಾಡಿದಳು.
ಎಣಿಸಲಿಲ್ಲ ಅವರು.

ಒಂದನೇದು ಪಡಸಾಲಿ ಮೊಳಿಗೆ.
ಎರಡನೇದು ತಿಜೋರಿ ಹಿಂದ ಬ್ಯಾಡ,
ನೀರಿನ ಡ್ರಮ್ಮಿನ ಬಾಜೂಕ ಬ್ಯಾಡ,
ಟ್ರಂಕಿನ ಮ್ಯಾಲ, ಎರಡೂ ಬಾಗಿಲ ಕಾಣೂ ಹಂಗ.
ಗ್ವಾಡಿ ಒಡೀಬಾರದು, ಬಾಗಿಲಾ ಹುಡುಕಬೇಕು,
ಇದು ಒಂದ ಕಲ್ತೀನಿ ಆರು ವರ್ಷದಾಗ.
ಮೂರನೇದು ಹಿತ್ತಲಕ್ಕ.
ಕೆಂಪು ಮಿಣಕ್ ಮಿಣಕ್, ಆಮ್ಯಾಲ ಹಳದಿ,
ಹಾಲು ಉಕ್ಕೂತನ ಕಾಯೂವಾಗಿನ ಬ್ಯಾಸರಿಕಿ,
ಆಮ್ಯಾಲ ನೀಲಿ.

"ಇನ್ನೂರಾ ಹತ್ತು!" ಅಂತ ಸಮರ್ಥ ಒದರಿದ.
ಯಾರು ನೋಡತಾರ ಅದನ.
ಫರ್ಜಾನಾ ಆ ಬೆರಳು ಮಡಚಿದ್ದಳು.
ನೀಲಾಂಬಿಕಾ ನಕ್ಕು, ಇವಳು ಹತ್ತು ಬೆರಳೂ ಬಿಚ್ಚಿ,
ಅವಳು ಹಣೀ ಬಡಕೊಂಡು,
ಖಣದ ಚೂರು ಹಾರಾಕತ್ತು.
ಆಮ್ಯಾಲ ಫೋನು ನನ್ನ ಕಡೆ ತಿರುಗಿತು.
ಫರ್ಜಾನಾ ನನಗ ಏನೋ ಕೇಳಿದಳು,
ಹಗೂರ, ಎರಡು ಸಲ.
ಒಂದು ಚುಕ್ಕಿ ತಡವಿಲ್ಲ, ಉಂಗುರಿಲ್ಲ, ಸಿಗ್ನಲ್ ಪೂರಾ.
ನನಗ ತಿಳೀಲಿಲ್ಲ.

ಹಲೋ, ಅಂದೆ.
ರೂಢಿ.