ಅಡ್ಡ ಎಳಿ

ನವನಗರದ ದವಾಖಾನ್ಯಾಗ
ಸಿಸ್ಟರ್ ಒಂದು ಹಾಳಿ ಓದಿ ಹೇಳಿದ್ಲು:
ಇವೆಲ್ಲಾ ಸಾಮಾನ್ಯ ಅಡ್ಡಪರಿಣಾಮ, ಅಂಜಬ್ಯಾಡ್ರಿ.
ಅಡ್ಡ ಅಂದ್ರ ನನಗ ಒಂದ ಗೊತ್ತು,
ಉದ್ದಕ ಹಾಸು, ಅಡ್ಡಕ ಹೊಕ್ಕು.
ಗುಳೇದಗುಡ್ಡದಾಗ ಮೂವತ್ತು ವರ್ಷ
ಖಣಾ ನೇಯ್ದಾಕಿಗೆ ಬ್ಯಾರೆ ಏನು ಹೊಳೀಬೇಕು?

ಮೊದಲನೇ ಬಾಟ್ಲಿ ಕೆಂಪಂದು.
ಸಂಜಿಕ ಪಾಯಖಾನ್ಯಾಗ ನೋಡಿದ್ರ
ಬಣ್ಣದ ಹಂಡೇದ ನೀರು ನನ್ನೊಳಗಿಂದ ಬಂದಂಗ.
ಚೀರಲಿಲ್ಲ. ಹಾಳ್ಯಾಗ ಇತ್ತದು, ನಾಕನೇ ಸಾಲು.
ಪಕ್ಕಾ ಬಣ್ಣ ಅಲ್ಲ ಬಿಡು,
ಎರಡು ನೀರಿಗೆ ಹೊಕ್ಕೈತಿ ಅಂದೆ.
ಹೋತು.

ಕೂದಲಾ ಹಂಗಲ್ಲ.
ಹದಿನೇಳನೇ ದಿನ ಹಣಿಗ್ಯಾಗ ಹಿಡಿತುಂಬ ಬಂತು.
ಮಗ್ಗದ ಹಣಿಗಿ ಎಳಿ ಹಿಡಕೊಂಡು ಕೂಡತೈತಿ,
ಇದು ಒಂದೂ ಹಿಡೀಲಿಲ್ಲ.
ಬಾಜೂ ಖುರ್ಚಿಯ ಕೆರೂರ ಹಸೀನಾಬಿ
ಸೆರಗು ಸರಿಸಿ ನಕ್ಕಳು:
ನಂದು ಹುಬ್ಬೂ ಹೋಗ್ಯಾವ ಅಕ್ಕಾ,
ಈಗ ಸಿಟ್ಟು ಬಂದ್ರ ಮನ್ಯಾಗ ಯಾರಿಗೂ ತಿಳಿಯಂಗಿಲ್ಲ.

ಬಾಯಿತುಂಬ ಹಳೇ ಎಂಟಾಣಿ ರುಚಿ.
ಹುಣ್ಣಿನ ವಾರ ಬರೇ ನುಚ್ಚು ಮಜ್ಜಿಗಿ,
ಅದೂ ಉರೀತಿತ್ತು.
ಬಳ್ಳೊಳ್ಳಿ ಒಗ್ಗರಣಿ ಚುರ್ ಅಂದ್ರ
ನಾ ಹಿತ್ತಲಕ ಓಡತಿದ್ದೆ ಅಂತ
ನೆಗೇಣಿ ಸಾವಂತ್ರಿ ಒಲೀನ ಅಂಗಳಕ ಹೊತ್ತಳು.
ಎರಡು ತಿಂಗಳಾತು, ನಮ್ಮನ್ಯಾಗ ಯಾರೂ ಖಾರಾ ಉಂಡಿಲ್ಲ.
ನಮ್ಮನಿಯವರ ಅಂಗಿ ಹೆಗಲಿಂದ ಜಾರತೈತಿ.
ಇದು ಹಾಳ್ಯಾಗ ಎಲ್ಲಿ ಬರದೈತಿ ಸಿಸ್ಟರ್?

ಈಗ ಹೊಸಾ ಬಾಟ್ಲಿ, ನೀರಿನಂಥಾದ್ದು.
ವಾಂತಿ ಕಮ್ಮಿ. ಆದ್ರ ಬಳ್ಳಿನ ತುದೀಗೆ ಜೋಮು,
ಉಗರು ಸುಟ್ಟ ಕಡ್ಲಿಯಂಗ ಕರ್ರಗ.
ಲಾಳಿ ಕೈಯಾಗ ಐತೋ ಇಲ್ಲೋ
ಕಣ್ಣು ಹೇಳಬೇಕು.
ಆನಿಹೆಜ್ಜಿ ಎಣಿಸಕೋತ ಹೋಗತೀನಿ,
ನಡುವ ಆನಿ ಎಲ್ಲೋ ತಪ್ಪಿಸಿಕೊಂಡು ಬಿಡತೈತಿ.
ಮತ್ತ ಒಂದರಿಂದ ಶುರು.

ನಿನ್ನಿ ನಸಕಿನ್ಯಾಗ, ಎಲ್ಲಾರೂ ಮಲಗಿದ್ದಾಗ,
ಗ್ವಾಡಿ ಹಿಡಕೊಂಡು ಹೋಗಿ
ಮಗ್ಗದ ಕುಣಿಗೆ ಇಳದೆ.
ಒಂದು ಎಳಿ ಹರದಿತ್ತು.
ಬಳ್ಳು ತಡವಿ ತಡವಿ ಸೋತವು,
ರೇಷ್ಮಿ ಅವಕ್ಕ ಗಾಳಿ ಇದ್ದಂಗ.
ಬಗ್ಗಿದೆ. ತುಟಿ ಹಚ್ಚಿದೆ.
ಹುಣ್ಣು ಮಾದ ತುಟಿ, ಎಳೇ ಚರ್ಮದ್ದು,
ಥಟ್ಟನ ಹೇಳಿತು: ಇಲ್ಲೈತಿ.

ಗಂಟು ಹಾಕಾಕ ಅರ್ಧ ತಾಸು ಹಿಡೀತು.
ದಪ್ಪ ಆಗೈತಿ, ಖಣದಾಗ ಎದ್ದು ಕಾಣತೈತಿ.
ಸಾವಕಾರ ಮೂಗು ಮುರದು
ಇಪ್ಪತ್ತು ರೂಪಾಯಿ ಮುರಕೋತಾನ.
ಮುರಕೊಳ್ಳಲಿ.