ಸದ್ದಿಲ್ಲದ ಅಳು

ಯಾದಗಿರಿಯಾಗ ಹೊರಗ ನಲವತ್ತ್ಮೂರು ಡಿಗ್ರಿ.
ಒಳಗ, ವಾರ್ಮರಿನ ಕೆಳಗ, ನಿನಗ ಚಳಿ.
ಹೆಸರಿಲ್ಲ ಇನ್ನ. ಕಾಲಿನ ಪಟ್ಟಿ ಮ್ಯಾಲ
ಮೊಗಲಮ್ಮನ ಕೂಸು, ಒಂಬೈನೂರಾ ಎಂಬತ್ತು ಗ್ರಾಂ.

ಬಾಯಿ ತೆರೀತಿ, ಹಣಿ ಸುಕ್ಕಾಗ್ತದ,
ಮಾರಿ ಕೆಂಪಗಾಗ್ತದ, ಅಳ್ತಿ,
ಸದ್ದಿಲ್ಲ.
ದನಿ ಹುಟ್ಟೋ ಬಾಗಲದಾಗ ನಳಿಗಿ ಕುಂತದ.
ಗುರುಮಠಕಲ್‌ದಿಂದ ಬಂದ ನಿಮ್ಮಜ್ಜಿ
ಗಾಜಿಗೆ ಹಣಿ ಹಚ್ಚಿ ದಿನಾ ಕೇಳ್ತಾಳ:
"ಕೂಸು ಅತ್ತದೇನ್ರಿ ಸಿಸ್ಟರ್?"
ಅತ್ತದಂದ್ರ ಸುಳ್ಳು. ಇಲ್ಲಂದ್ರೂ ಸುಳ್ಳು.

ನಿಮಿಷಕ್ಕ ನಲವತ್ತು ಉಸುರು ಊದತಿತ್ತು ಮಷೀನು.
ಮೂವತ್ತಕ್ಕಿಳಿಸಿದ್ರು ಡಾಕ್ಟರು,
ಆಮ್ಯಾಲ ಇಪ್ಪತ್ತು.
ರಾತ್ರಿ ಎರಡೂವರಿಗೆ ಪರದಿ ಮ್ಯಾಲ
ಮಷೀನು ಏರಿಸದ ಒಂದು ಸಣ್ಣ ಗುಡ್ಡ.
ಎಣಿಕಿ ತಪ್ಪಿತೇನೋ ಅಂದ್ಕೊಂಡೆ.
ಮತ್ತೊಂದು.
ಯಾರದಿದು?
ನಿಂದು.

ಮುಂಜಾನಿ ಪ್ಲಾಸ್ಟರ್ ತೋಯಿಸಿ ಬಿಡಿಸಿ
ನಳಿಗಿ ತಗದ್ವಿ. ಮೂಗಿಗಷ್ಟೇ ಗಾಳಿ ಹಚ್ಚಿದ್ವಿ.
ಕೆಮ್ಮಿದಿ. ಆಮ್ಯಾಲ ಬಂತು,
ಎಣ್ಣಿ ಕಾಣದ ಕದದಂಗ ಒಂದು ಕಿರ್ರ್,
ಬಾಜೂ ಬೆಡ್ಡಿನ ಅಲಾರ್ಮಿನಾಗ ಅರ್ಧ ಮುಳುಗಿ.

ಗಾಜು ದಪ್ಪದ. ಅಜ್ಜಿಗೆ ಕೇಳಲಿಲ್ಲ.
ನಾ ನನ್ನ ಗಂಟಲು ಮುಟ್ಟಿ ಮುಟ್ಟಿ ತೋರಿಸಿದೆ.
ಪಾಪ, ನೀರಡಿಸಿರಬೇಕು ಇಕಿಗಂತ
ಆಕಿ ತನ್ನ ತಂಬಗಿ ಎತ್ತಿ ಹಿಡದಳು.