ಪೇರ್

ಅರ್ಜಿಯಲ್ಲಿ ಎರಡನೇ ಭಾಷೆ ಎಂಬಲ್ಲಿ ಮೂರು ಚೌಕ:
ಮಲಯಾಳ, ಹಿಂದಿ, ಫ್ರೆಂಚ್.
ಕನ್ನಡಕ್ಕೆ ಈ ವರ್ಷ ಹತ್ತು ಮಂದಿ ಕೂಡಲಿಲ್ಲವಂತೆ.
ಪೆನ್ನು ಮಲಯಾಳದ ಮೇಲೆ ಸ್ವಲ್ಪ ಹೊತ್ತು ನಿಂತಿತು,
ಆಮೇಲೆ ಫ್ರೆಂಚಿಗೆ ಇಳಿಯಿತು.
ಅಲ್ಲಾದರೆ ಎಲ್ಲರೂ ಸೊನ್ನೆಯಿಂದಲೇ ಶುರು,
ಕಣ್ಣೂರಿನವರೂ, ಪೆರ್ಲದ ನಾನೂ.

ಪ್ರಸೀತಾ ಮಿಸ್ ಮಾಹೆಯವರು.
ಮೊದಲ ದಿನವೇ ಹೇಳಿದರು:
ಈ ಭಾಷೆಯಲ್ಲಿ ಕೊನೆಯ ಅಕ್ಷರಗಳು ಬರೆಯುವುದಕ್ಕೆ ಮಾತ್ರ,
ನಾಲಿಗೆಗೆ ತರಬಾರದು.
ಹಿಂದಿನ ಬೆಂಚಿನಲ್ಲಿ ನಗು.
ನನಗೆ ಬರಲಿಲ್ಲ.
ನಾನು ಬರುವ ಬಸ್ಸಿನ ಹಣೆಯಲ್ಲೂ
ಮೂಲೆಗೆ ಒತ್ತಿ ಬರೆದ ಕನ್ನಡ ಇದೆ,
ಕ್ಲೀನರ್ ಅದನ್ನು ಕೂಗುವುದಿಲ್ಲ.

ಮೇಜು ಹೆಣ್ಣು. ಪುಸ್ತಕ ಗಂಡು.
ಚಂದ್ರ ಹೆಣ್ಣು ಎಂದಾಗ ರಂಸೀನಾ ನನ್ನನ್ನು ತಿವಿದಳು.
ಎಂಬತ್ತಕ್ಕೆ ಅವರು ನಾಲ್ಕು ಇಪ್ಪತ್ತು ಅನ್ನುತ್ತಾರೆ;
ಅಮ್ಮನಿಗೆ ಹೇಳಿದೆ. ಬೀಡಿ ಎಲೆಗೆ ಕತ್ತರಿ ಆಡಿಸುತ್ತಲೇ
"ಪಾಪ, ದೊಡ್ಡ ಕಟ್ಟು ಕಟ್ಟುವಷ್ಟು ನೂಲು ಇರಲಿಲ್ಲವೇನೋ" ಅಂದಳು.

ಮೂರನೇ ವಾರ ಕುಟುಂಬದ ಪಾಠ.
ಬೋರ್ಡಿನ ಮೇಲಿನ ಪದಕ್ಕೆ
ಮಿಸ್ ಬಾಯಿ ಕೊಟ್ಟರು: ಪೇರ್.
ಅಪ್ಪ.

ನಾನು ಬರೆದುಕೊಳ್ಳಲಿಲ್ಲ.
ನಮ್ಮ ಮನೆಯ ತುಳುವಿನಲ್ಲಿ ಪೇರ್ ಎಂದರೆ ಹಾಲು.
ವಿಲ್ಲೇಜ್ ಆಫೀಸಿನ ಕಿಟಕಿಯೊಳಗಿಂದ
"ಪೇರೆಂದಾ?" ಅಂದರೆ ಹೆಸರೇನು ಎಂದು.
ಹಾಲು, ಹೆಸರು, ಅಪ್ಪ
ಮೂರೂ ಒಂದೇ ಕ್ಯಾನಿನಲ್ಲಿ ತುಳುಕುವುದು
ದಿನಾ ಬೆಳಗ್ಗೆ ಆರೂಕಾಲಕ್ಕೆ, ನನ್ನ ಬಲಗೈಯಲ್ಲಿ,
ಸೊಸೈಟಿಯ ಇಳಿಜಾರಿನಲ್ಲಿ.

ಪಾಸ್‌ಪುಸ್ತಕ ಈಗಲೂ ಅಪ್ಪನ ಹೆಸರಲ್ಲಿ.
ಕೆಂಪುಕಲ್ಲಿನ ಕೋರೆಯಲ್ಲಿ ಮಣ್ಣು ಜರಿದು ಮೂರು ಮಳೆ ಕಳೆಯಿತು.
ಹೆಸರು ಬದಲಿಸಲು ಮರಣಪತ್ರ ಕೊಟ್ಟೆವು;
ಅದರಲ್ಲಿ ಐತಪ್ಪ ಮಲಯಾಳಕ್ಕೆ ಹೋಗಿ
ಐತ್ತಪ್ಪನ್ ಆಗಿದ್ದಾರೆ.
ಒಂದು ನಕಾರ ಹೆಚ್ಚು.
ಇವರು ಬೇರೆ, ಅವರು ಬೇರೆ ಎಂದರು ಸೆಕ್ರೆಟರಿ,
ಕಾಗದ ಮಡಚುತ್ತ, ಬೇಸರದಿಂದಲೇ.
ಹಾಗಾಗಿ ತೀರಿಕೊಂಡವರೊಬ್ಬರು
ದಿನವೂ ನಾಲ್ಕೂವರೆ ಲೀಟರ್ ಅಳೆಯುತ್ತಾರೆ,
ಫ್ಯಾಟ್ ಕಡಿಮೆಯಾದರೆ ಬೈಸಿಕೊಳ್ಳುತ್ತಾರೆ,
ಓಣಂಗೆ ಬೋನಸ್ ಪಡೆಯುತ್ತಾರೆ.

ಮನೆಯಲ್ಲಿ ಮಾತ್ರ ಆ ಹೆಸರನ್ನು ಯಾರೂ ಎತ್ತುವುದಿಲ್ಲ.
ರೇಷನ್ ಕಾರ್ಡಿನಲ್ಲಿದೆ,
ಹಾರೆಯ ಹಿಡಿಯಲ್ಲಿ ಮೊಳೆಯಿಂದ ಕೆತ್ತಿದ್ದಿದೆ.
ನಾಲಿಗೆಗೆ ತರುವುದಿಲ್ಲ.

ಎರಡನೇ ಸೆಮಿಸ್ಟರಿಗೆ ಕವಿತೆಗಳು ಬಂದವು.
ಒಂದರಲ್ಲಿ ಹನ್ನೆರಡು ಸಾಲು ಹಿಮ ಬೀಳುತ್ತದೆ,
ಹದಿಮೂರನೆಯದರಲ್ಲಿ ಯಾರೋ ಬಾಗಿಲು ತಟ್ಟುತ್ತಾರೆ.
ಗಟ್ಟಿಯಾಗಿ ಓದುತ್ತಿದ್ದೆ. ಮಿಸ್ ತಡೆದರು:
ಅಲ್ಲಿ ಆ ಅಕ್ಷರ ನುಂಗಬೇಡ, ನವ್ಯಶ್ರೀ.
ಅದು ಸುಮ್ಮನಿತ್ತು, ಅಷ್ಟೆ.
ಮುಂದಿನ ಪದ ಸ್ವರದಿಂದ ಹೊರಟರೆ
ಎದ್ದು ಬರುತ್ತದೆ, ಅದರ ಕೈ ಹಿಡಿಯುತ್ತದೆ.
ಎರಡು ಪದಗಳ ಕೆಳಗೆ
ಪೆನ್ಸಿಲಿನಲ್ಲಿ ಸಣ್ಣದೊಂದು ಜೋಲಿ ಕಟ್ಟಿದೆ.

ಇವತ್ತು ಕ್ಯಾನು ಇಳಿಸುವಾಗ ಇನ್ನೂ ಮಬ್ಬು.
ಸೆಕ್ರೆಟರಿ ಪಟ್ಟಿ ಹಿಡಿದು ಕರೆಯುತ್ತಿದ್ದರು:
ಅಬ್ದುಲ್ಲಕುಂಞಿ. ಸರಸ್ವತಿ ಬಾಯಿ. ಚೋಮ ಮಣಿಯಾಣಿ.
ಇಷ್ಟು ದಿನ ನಾನು ಕ್ಯಾನನ್ನು ಮುಂದೆ ತಳ್ಳುತ್ತಿದ್ದೆ, ಮಾತಿಲ್ಲದೆ.
ತಲೆ ಎತ್ತದೆಯೇ ಅವರು
"ಐತಪ್ಪ"
ಅಂದರು.

"ಓ"
ಅಂದೆ.